ಸಾವಿರ ವರ್ಷದ ಕಾಲೇಜು ಊರಿಗೆ ಎರಡು ದಿನ

"ಶನಿವಾರ, ಐತಾರ ಎರಡು ದಿನ ಸೂಟಿ ಅದ. ಎಲ್ಲಿಗ್ಯಾರ ಹೋಗಮು ಅಪ್ಪಾ?"

ಚಿಮ್ಮನಚೋಡದಲ್ಲಾಗಲಿ, ಚಿಂಚೋಳಿ, ಸೇಡಂ, ವಾಡಿ, ಶಹಾಬಾದಿನಲ್ಲಾಗಲಿ, ಓದುವ ಮಕ್ಕಳಿರುವ ಮನೆಗಳಲ್ಲಿ ಈ ಪ್ರಶ್ನೆ ಏಳದ ತಿಂಗಳಿಲ್ಲ. ಹೈದರಾಬಾದಿಗೆ ಹೋದರೆ ಖರ್ಚು ಕೈ ಮೀರುತ್ತದೆ. ಕಲಬುರಗಿಗೆ ಹೋದರೆ ಕೋಟೆ, ದರ್ಗಾ, ಶರಣಬಸವೇಶ್ವರ ಗುಡಿ, ಎಲ್ಲವೂ ನೋಡಿದ್ದೇ. ಮಗಳು ಹತ್ತನೆಯ ತರಗತಿಯಲ್ಲಿದ್ದರೆ ಪಾಲಕರಿಗೆ ಇನ್ನೊಂದು ಯೋಚನೆ ಹೊಳೆಯುತ್ತದೆ. ಮುಂದೆ ಓದಬೇಕಾದ ಊರನ್ನು ಒಮ್ಮೆ ತೋರಿಸಿ ಬಂದರೆ ಹೇಗೆ? ಧಾರವಾಡ, ಬೆಂಗಳೂರು, ಮಂಗಳೂರು ಎಂದು ಹೆಸರುಗಳು ಬರುತ್ತವೆ. ಕಾಲೇಜಿನ ಊರು ಎಂದರೆ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಮುಟ್ಟಬೇಕಾದ ದೂರದ ಊರು ಎಂಬ ನಂಬಿಕೆ ಈ ಭಾಗದಲ್ಲಿ ಅಷ್ಟು ಗಟ್ಟಿಯಾಗಿದೆ.

ಆದರೆ ಒಂದು ಕಾಲೇಜು ಊರು ಮಗ್ಗುಲಲ್ಲೇ ಇದೆ. ಚಿತ್ತಾಪುರ ಪಟ್ಟಣದಿಂದ ಕೆಲವೇ ಕಿಲೋಮೀಟರ್ ದೂರದ ನಾಗಾವಿ. ಅಲ್ಲಿಗೆ ಹೋಗೋಣವೆಂದು ಮಗಳು ಹೇಳಿದರೆ ಮನೆಯಲ್ಲಿ ಬರುವ ಉತ್ತರವೂ ಗೊತ್ತಿದ್ದದ್ದೇ. "ಅಲ್ಲೇನದ ಅವ್ವಾ? ಯಲ್ಲಮ್ಮನ ಗುಡಿ ಬಿಟ್ರ ಬರೇ ಕಲ್ಲು."

ಆ ಬರೇ ಕಲ್ಲುಗಳು ಏನು ಹೇಳುತ್ತವೆ ಎಂದು ತಿಳಿದುಕೊಂಡು ಹೋದರೆ, ಎರಡು ದಿನದ ಈ ಸಣ್ಣ ಪ್ರವಾಸ ಮಕ್ಕಳ ಮನಸ್ಸಿನಲ್ಲಿ ಬಹಳ ದಿನ ಉಳಿಯಬಲ್ಲದು.

ಕಲ್ಲಿನಲ್ಲಿ ಬರೆದ ಕಾಲೇಜು

ಕಲ್ಯಾಣ ಚಾಲುಕ್ಯರ ದೊರೆ ತ್ರೈಲೋಕ್ಯಮಲ್ಲ ಒಂದನೆಯ ಸೋಮೇಶ್ವರನ ಕಾಲದಲ್ಲಿ, ಕ್ರಿ.ಶ. 1058ರಲ್ಲಿ, ಅವನ ದಂಡನಾಯಕ ಮಧುಸೂದನ ನಾಗಾವಿಯ ವಿದ್ಯಾಸಂಸ್ಥೆಗೆ ದತ್ತಿ ಬಿಟ್ಟ. ಅಂಥ ಸಂಸ್ಥೆಗೆ ಅಂದಿನ ಹೆಸರು ಘಟಿಕಾಸ್ಥಾನ. ದತ್ತಿಯ ವಿವರವನ್ನು ಕಲ್ಲಿನಲ್ಲಿ ಕೆತ್ತಿಸಿದ್ದರಿಂದಲೇ ಅದು ಇಂದಿಗೂ ತಿಳಿಯುತ್ತದೆ. ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆ ನಾಗಾವಿಯ ಶಾಸನಗಳನ್ನು 1928ರಲ್ಲಿ ತನ್ನ ಗ್ರಂಥಮಾಲೆಯಲ್ಲಿ ಪ್ರಕಟಿಸಿತು. ಅಂದಿನಿಂದ ಭಾರತದ ಪ್ರಾಚೀನ ಶಿಕ್ಷಣದ ಬಗ್ಗೆ ಬರೆದವರು ಈ ಊರನ್ನು ಮತ್ತೆ ಮತ್ತೆ ಹೆಸರಿಸಿದ್ದಾರೆ.

ಶಾಸನದ ಲೆಕ್ಕ ಸ್ಪಷ್ಟವಾಗಿದೆ. ವೇದ ಓದುವ ವಿದ್ಯಾರ್ಥಿಗಳು 200 ಮಂದಿ, ಶಾಸ್ತ್ರ ಓದುವವರು ಸುಮಾರು ಐವತ್ತು ಮಂದಿ. ವೇದ ಕಲಿಸಲು ಮೂವರು, ಶಾಸ್ತ್ರ ಕಲಿಸಲು ಮೂವರು. ಇವರ ಜೊತೆಗೆ ಆರು ಮಂದಿ ಸರಸ್ವತಿ ಭಂಡಾರಿಗಳು. ಸರಸ್ವತಿ ಭಂಡಾರವೆಂದರೆ ಪುಸ್ತಕ ಭಂಡಾರ. ಅದರ ಭಂಡಾರಿಗಳೆಂದರೆ ಇಂದಿನ ಮಾತಿನಲ್ಲಿ ಗ್ರಂಥಪಾಲಕರು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕಲಿಸುವವರು ಆರು, ಗ್ರಂಥ ಕಾಯುವವರೂ ಆರು! ಅಚ್ಚಿನ ಯಂತ್ರವಿರದ ಕಾಲ ಅದು. ಒಂದು ಗ್ರಂಥ ಬೇಕೆಂದರೆ ತಾಳೆಗರಿಯ ಮೇಲೆ ಕಂಠದಿಂದ ಅಕ್ಷರ ಅಕ್ಷರವಾಗಿ ಕೊರೆದು ನಕಲು ಮಾಡಬೇಕಿತ್ತು. ಗರಿಗಳಿಗೆ ಹುಳು ಹಿಡಿಯದಂತೆ, ಒದ್ದೆಯಾಗದಂತೆ, ಕಟ್ಟು ಕಳಚದಂತೆ ನೋಡಿಕೊಳ್ಳಬೇಕಿತ್ತು. ಆ ಕೆಲಸಕ್ಕೆ ಆರು ಜನ ಬೇಕೆಂದು ದತ್ತಿ ಕೊಟ್ಟವರಿಗೆ ಅನಿಸಿತ್ತು. ಸುಮಾರು 250 ವಿದ್ಯಾರ್ಥಿಗಳನ್ನು ಆರರಿಂದ ಭಾಗಿಸಿದರೆ ನಲವತ್ತೆರಡು ಮಂದಿಗೆ ಒಬ್ಬ ಗ್ರಂಥಪಾಲಕ. ಮಕ್ಕಳು ತಮ್ಮ ಶಾಲೆ, ಕಾಲೇಜಿನಲ್ಲಿ ಇದೇ ಭಾಗಾಕಾರ ಮಾಡಿ ನೋಡಲಿ.

ಇಂಥ ಸಂಸ್ಥೆ ನಾಗಾವಿ ಒಂದೇ ಅಲ್ಲ. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದಲ್ಲಿ, ಕ್ರಿ.ಶ. 945ರ ಹೊತ್ತಿಗೆ, ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ವಸತಿಗಳಿದ್ದವೆಂದು ಅಲ್ಲಿನ ಶಾಸನದಿಂದ ತಿಳಿಯುತ್ತದೆ. ಓದಲೆಂದು ಹೊರಗಿನವರು ಈ ಬಿಸಿಲು ನಾಡನ್ನು ಹುಡುಕಿಕೊಂಡು ಬರುತ್ತಿದ್ದ ಕಾಲವೊಂದಿತ್ತು.

ಮೊದಲು ಯೋಜನೆ, ಆಮೇಲೆ ಗಂಟುಮೂಟೆ

ಪ್ರವಾಸ ಚೆನ್ನಾಗಿ ಆಗಬೇಕಾದರೆ ಅದರ ಅರ್ಧ ಕೆಲಸ ಮನೆಯಲ್ಲೇ ಮುಗಿದಿರಬೇಕು. ಯೋಜನೆಯ ಜವಾಬ್ದಾರಿಯನ್ನು ಮಕ್ಕಳಿಗೇ ಕೊಟ್ಟುಬಿಡುವುದು ಒಳ್ಳೆಯ ದಾರಿ. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ಸಾಕು. ಮೊದಲ ಪುಟದಲ್ಲಿ ದಾರಿಯ ನಕ್ಷೆ, ಎರಡನೆಯದರಲ್ಲಿ ವೇಳೆ, ಮೂರನೆಯದರಲ್ಲಿ ಖರ್ಚು, ನಾಲ್ಕನೆಯದರಲ್ಲಿ ಅಲ್ಲಿ ಉತ್ತರ ಹುಡುಕಬೇಕಾದ ಪ್ರಶ್ನೆಗಳು. ಅಪ್ಪ ಅವ್ವ ತಿದ್ದಬಹುದು, ಬರೆದುಕೊಡಬಾರದು.

ಕಾಲದ ಆಯ್ಕೆ ಮುಖ್ಯ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಕಲ್ಲಿನ ಗುಡಿಗಳ ನಡುವೆ ಬರಿಗಾಲಲ್ಲಿ ನಡೆಯುವುದು ಆಗದ ಮಾತು. ಮಳೆಗಾಲದಲ್ಲಿ ಕಾಗಿಣಾ ಉಕ್ಕಿದರೆ ಸೇತುವೆಗಳು ಮುಳುಗಿ ದಾರಿ ಕಡಿದುಹೋಗುವುದುಂಟು. ನವೆಂಬರಿನಿಂದ ಜನವರಿಯವರೆಗಿನ ದಿನಗಳೇ ಸರಿಯಾದವು. ಆಗ ದಾರಿಯುದ್ದಕ್ಕೂ ತೊಗರಿ ಹೂ ಬಿಟ್ಟು, ಕಾಯಿ ಕಟ್ಟಿ ನಿಂತಿರುತ್ತದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿಬೇಳೆ ಹುಟ್ಟುವುದು ಈ ಕರಿನೆಲದಲ್ಲೇ. ನಾಗಾವಿಯಲ್ಲಿ ಯಲ್ಲಮ್ಮನ ಜಾತ್ರೆಯ ದಿನಗಳಲ್ಲಿ ಜನ ಕಿಕ್ಕಿರಿದಿರುತ್ತಾರೆ. ಶಾಂತವಾಗಿ ನೋಡಬೇಕೆನ್ನುವವರು ಆ ದಿನಗಳನ್ನು ಬಿಟ್ಟು ಹೋಗುವುದು ಮೇಲು.

ಖರ್ಚಿನ ಪುಟ ಈಗ ಮೊದಲಿಗಿಂತ ಹಗುರ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ತಾಯಿ, ಮಗಳಿಗೆ ಟಿಕೆಟ್ಟಿನ ಹಣ ಬೀಳುವುದಿಲ್ಲ, ಗುರುತಿನ ಚೀಟಿ ಮರೆಯದಿದ್ದರಾಯಿತು. ತಂದೆ, ಮಗನ ಟಿಕೆಟ್ಟು, ಒಂದು ರಾತ್ರಿಯ ವಸತಿ, ಎರಡು ಹೊತ್ತಿನ ಚಹಾ, ಊಟ, ಆಟೋ ಬಾಡಿಗೆ, ಇಷ್ಟನ್ನು ಬರೆದು, ಒಟ್ಟು ಮೊತ್ತದ ಮೇಲೆ ಐದರಲ್ಲೊಂದು ಪಾಲು ಹೆಚ್ಚಿಗೆ ಇಟ್ಟುಕೊಳ್ಳಬೇಕು. ಊಟವನ್ನು ಹೋಟೆಲಿನ ಮೇಲೆ ಪೂರಾ ಬಿಡಬಾರದು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದಿಷ್ಟು ಮೊಸರು ಗಂಟಿನಲ್ಲಿದ್ದರೆ ಎರಡು ಹೊತ್ತು ಕಳೆಯುತ್ತದೆ. ಕುಡಿಯುವ ನೀರು ಮಾತ್ರ ತಲೆಗೆ ಎರಡು ಲೀಟರಿಗೆ ಕಡಿಮೆ ಇರಕೂಡದು.

ಮೊದಲ ದಿನ: ಸೇಡಂ ಮತ್ತು ಮಳಖೇಡ

ಚಿಮ್ಮನಚೋಡದಿಂದ ಹೊರಟವರು ಮುಂಜಾನೆಯ ಬಸ್ಸಿಗೆ ಚಿಂಚೋಳಿ ಸೇರಿ, ಅಲ್ಲಿಂದ ಸೇಡಂ ಬಸ್ಸು ಹಿಡಿಯಬೇಕು. ಕಿಟಕಿಯ ಪಕ್ಕ ಮಕ್ಕಳನ್ನು ಕೂಡಿಸಿದರೆ ಭೂಗೋಳದ ಪಾಠ ತಾನಾಗಿ ಆಗುತ್ತದೆ. ಚಿಂಚೋಳಿ ಭಾಗದ ಕೆಂಪು ನೆಲ, ಕರಿಕಲ್ಲು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸದಿಂದ ಬಂದವು. ಸೇಡಂ ಸಮೀಪಿಸಿದಂತೆ ಹಾಸುಹಾಸಾಗಿ ಏಳುವ ಬೂದು ಕಲ್ಲು ಕಾಣಿಸುತ್ತದೆ. ಮನೆಮನೆಯ ಅಂಗಳಕ್ಕೆ ಹಾಸುವ ಶಹಾಬಾದಿ ಕಲ್ಲು ಅದೇ. ಇದು ಲಾವಾಕ್ಕಿಂತ ಎಷ್ಟೋ ಪಟ್ಟು ಹಳೆಯದು, ಬಹುಹಿಂದೆ ಸಮುದ್ರದ ತಳದಲ್ಲಿ ಪದರು ಪದರಾಗಿ ಕೂತ ಸುಣ್ಣಕಲ್ಲು. ವಾಡಿ, ಮಳಖೇಡ, ಸೇಡಂಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ಎದ್ದದ್ದು ಈ ಕಲ್ಲನ್ನು ನಂಬಿಯೇ. ದಾರಿಬದಿ ಬಿದ್ದ ಒಂದು ಚೂರಿನ ಮೇಲೆ ನಿಂಬೆರಸ ಹಿಂಡಿದರೆ ಸಣ್ಣಗೆ ನೊರೆ ಏಳುತ್ತದೆ. ಆಮ್ಲ ಸೋಕಿದಾಗ ಸುಣ್ಣಕಲ್ಲಿನಿಂದ ಇಂಗಾಲದ ಡೈಆಕ್ಸೈಡ್ ಹೊರಬರುವ ಗುರುತು ಅದು. ಇದನ್ನು ಗುಡಿಯ ಕಲ್ಲಿನ ಮೇಲೆ ಎಂದೂ ಮಾಡಬಾರದು.

ಸೇಡಂ ಶಾಸನಗಳಲ್ಲಿ ಸೇಡಿಂಬ. ಇಲ್ಲಿನ ಮುನ್ನೂರು ಮಹಾಜನರ ವಿದ್ವತ್ತನ್ನು ಆ ಶಾಸನಗಳು ಕೊಂಡಾಡುತ್ತವೆ. ಪಂಚಲಿಂಗೇಶ್ವರ ಗುಡಿಯನ್ನು ನೋಡಿ, ಚಹಾ ಕುಡಿದು, ಕಲಬುರಗಿ ದಾರಿಯ ಬಸ್ಸು ಹತ್ತಿದರೆ ಮಳಖೇಡ ಬರುತ್ತದೆ.

ಕಾಗಿಣಾ ನದಿಯ ದಂಡೆಯ ಈ ಹಳ್ಳಿಯೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಚಿಮ್ಮನಚೋಡದ ಮಕ್ಕಳಿಗೆ ಈ ನದಿ ಪರಕೀಯವಲ್ಲ. ಅವರು ದಿನಾ ನೋಡುವ ಮುಲ್ಲಾಮಾರಿ ಸೇರುವುದು ಇದೇ ಕಾಗಿಣೆಯನ್ನು, ಕಾಗಿಣೆ ಸೇರುವುದು ಭೀಮೆಯನ್ನು. ಕ್ರಿ.ಶ. 814ರಿಂದ 878ರವರೆಗೆ, ಅರವತ್ತು ವರ್ಷಕ್ಕೂ ಮೇಲ್ಪಟ್ಟು, ಅಮೋಘವರ್ಷ ನೃಪತುಂಗ ಇಲ್ಲಿಂದ ಆಳಿದ. ಉಪಲಬ್ಧ ಕನ್ನಡ ಗ್ರಂಥಗಳಲ್ಲೇ ಹಳೆಯದಾದ 'ಕವಿರಾಜಮಾರ್ಗ' ಅವನ ಆಸ್ಥಾನದ್ದು. ಜಿನಸೇನ, ಗುಣಭದ್ರ, ವೈಯಾಕರಣ ಶಾಕಟಾಯನ, ಇವರೆಲ್ಲ ಆ ಕಾಲದ ಹೆಸರುಗಳು. ಕೋಟೆ, ನೇಮಿನಾಥ ಬಸದಿ, ಹೊಳೆದಂಡೆಯ ಉತ್ತರಾದಿ ಮಠ, ಇವು ಮೂರನ್ನು ನಡೆದೇ ನೋಡಬಹುದು. ಕ್ರಿ.ಶ. 972ರಲ್ಲಿ ಮಾಳವದ ಪರಮಾರ ಸೀಯಕ ಈ ನಗರವನ್ನು ಸೂರೆಗೊಂಡ. ಅಲ್ಲಿಂದ ಮುಂದೆ ರಾಜ್ಯ ಚಾಲುಕ್ಯರ ಕೈಸೇರಿತು. ನಾಗಾವಿಯ ಕತೆ ಶುರುವಾಗುವುದು ಆ ನಂತರ.

ಕೋಲು, ನೆರಳು ಮತ್ತು ಮಹಾವೀರಾಚಾರ್ಯ

ಮಳಖೇಡದಲ್ಲಿ ಮಕ್ಕಳು ಮರೆಯಬಾರದ ಇನ್ನೊಂದು ಹೆಸರು ಗಣಿತಜ್ಞ ಮಹಾವೀರಾಚಾರ್ಯನದು. ಕ್ರಿ.ಶ. 850ರ ಸುಮಾರಿಗೆ ಅವನು 'ಗಣಿತಸಾರ ಸಂಗ್ರಹ' ಬರೆದ. ಗ್ರಂಥದ ಆರಂಭದಲ್ಲೇ ಅಮೋಘವರ್ಷನನ್ನು ಹೊಗಳಿದ್ದಾನೆ. ಋಣಸಂಖ್ಯೆ ಯಾವ ಸಂಖ್ಯೆಯ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂಬ ಮಾತು ಅವನ ಪುಸ್ತಕದಲ್ಲಿದೆ. ಪಿಯುಸಿಯಲ್ಲಿ ವಿಕಲ್ಪಗಳೆಂದು ಕಲಿಯುವ ಲೆಕ್ಕಕ್ಕೆ, ಅಂದರೆ ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ, ಅವನು ಸಾಮಾನ್ಯ ಸೂತ್ರ ಕೊಟ್ಟಿದ್ದಾನೆ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದರು. ಕನ್ನಡ ಅನುವಾದವೂ ಬಂದಿದೆ.

ಈ ಪುಸ್ತಕದ ಕೊನೆಯ ಅಧ್ಯಾಯ ನೆರಳಿನ ಲೆಕ್ಕಕ್ಕೆ ಮೀಸಲು. ಅದನ್ನು ಮಳಖೇಡದಲ್ಲೇ ಮಾಡಿ ನೋಡಬಹುದು. ಒಂದು ಮೀಟರ್ ಉದ್ದದ ನೆಟ್ಟನೆಯ ಕೋಲು, ಒಂದು ಅಳತೆ ಟೇಪು, ಕೋಲು ನೇರವಾಗಿದೆಯೇ ಎಂದು ನೋಡಲು ಕಲ್ಲು ಕಟ್ಟಿದ ದಾರ, ಇಷ್ಟೇ ಸಾಮಾನು. ಮಧ್ಯಾಹ್ನ ಹನ್ನೆರಡರಿಂದ ಮುಕ್ಕಾಲು ಗಂಟೆ ಹೊತ್ತು ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕುತ್ತ ಹೋಗಬೇಕು. ಅತ್ಯಂತ ಚಿಕ್ಕ ನೆರಳು ಬೀಳುವುದು ಗಡಿಯಾರದ ಹನ್ನೆರಡಕ್ಕಲ್ಲ ಎಂಬುದು ಮಕ್ಕಳಿಗೆ ಅಚ್ಚರಿ ತರುತ್ತದೆ. ಡಿಸೆಂಬರ್ ಕೊನೆಯ ವಾರದಲ್ಲಿ ಅದು ಸುಮಾರು ಹನ್ನೆರಡು ಗಂಟೆ ಇಪ್ಪತ್ತು ನಿಮಿಷಕ್ಕೆ. ಭಾರತದ ಗಡಿಯಾರ ನಡೆಯುವುದು ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ ಸೂರ್ಯನನ್ನು ಹಿಡಿದು. ಮಳಖೇಡ ಅದಕ್ಕಿಂತ ಐದು ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ ಎಂದರೆ ಉಳಿದ ಲೆಕ್ಕ ಮಕ್ಕಳೇ ಮಾಡಬಲ್ಲರು. ಆ ದಿನಗಳಲ್ಲಿ ಒಂದು ಮೀಟರ್ ಕೋಲಿಗೆ ಬೀಳುವ ಚಿಕ್ಕ ನೆರಳು ಸುಮಾರು 86 ಸೆಂಟಿಮೀಟರ್. ಮನೆಗೆ ಮರಳಿದ ಮೇಲೆ ಫೆಬ್ರುವರಿ, ಮಾರ್ಚಿಯಲ್ಲಿ ಮತ್ತೆ ಅಳೆದರೆ ನೆರಳು ಕುಗ್ಗುತ್ತ ಬರುವುದು ಕಾಣುತ್ತದೆ. ಮೇ ತಿಂಗಳ ಮೊದಲರ್ಧದಲ್ಲಿ ಒಂದು ದಿನ ಅದು ಕೋಲಿನ ಬುಡದಲ್ಲೇ ಅಡಗುತ್ತದೆ.

ಸಂಜೆಗೆ ಚಿತ್ತಾಪುರ ಸೇರಬೇಕು. ಬಸ್ಸಿದೆ, ರೈಲಿನ ದಾರಿಯೂ ಇದೆ. ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ಈ ಹಳಿಯನ್ನು ನಿಜಾಮರ ಆಳ್ವಿಕೆಯಲ್ಲಿ 1874ರಲ್ಲಿ ಹಾಕಿ ಮುಗಿಸಿದರು. ಮಳಖೇಡ ರೋಡ್ ನಿಲ್ದಾಣ ಊರಿಗೆ ಅಂಟಿಕೊಂಡಿಲ್ಲ, ಎಲ್ಲ ಗಾಡಿಗಳೂ ಅಲ್ಲಿ ನಿಲ್ಲುವುದಿಲ್ಲ. ಹೊರಡುವ ಮುನ್ನ ವೇಳೆ ವಿಚಾರಿಸಿಕೊಂಡಿರಬೇಕು. ಚಿತ್ತಾಪುರ ತಾಲ್ಲೂಕು ಕೇಂದ್ರವಾದರೂ ದೊಡ್ಡ ಹೋಟೆಲುಗಳನ್ನು ನಿರೀಕ್ಷಿಸಬಾರದು. ವಸತಿಯನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಬೀಗರು, ನೆಂಟರು ಇದ್ದರೆ ವಾರದ ಮುಂಚೆ ತಿಳಿಸಿದರಾಯಿತು. ಈ ಸೀಮೆಯಲ್ಲಿ ಒಂದು ರಾತ್ರಿಗೆ ಬಂದವರನ್ನು ಎರಡನೆಯ ರಾತ್ರಿಗೂ ನಿಲ್ಲಿರೆಂದು ಒತ್ತಾಯಿಸುವವರೇ ಹೆಚ್ಚು.

ಎರಡನೆಯ ದಿನ: ನಾಗಾವಿ

ಬೆಳಗಿನ ತಂಪಿನಲ್ಲಿ ನಾಗಾವಿಗೆ ಹೊರಟರೆ ಚೆನ್ನ. ಯಲ್ಲಮ್ಮನ ದರ್ಶನ ಮುಗಿಸಿ, ಅರವತ್ತು ಕಂಬದ ಗುಡಿಯೆಂದು ಊರವರು ಕರೆಯುವ ಕಲ್ಲಿನ ಮಂಟಪಕ್ಕೆ ಹೋಗಬೇಕು. ಪಾಠ ನಡೆಯುತ್ತಿದ್ದ ಘಟಿಕಾಸ್ಥಾನ ಇದೇ ಎಂದು ಹೇಳುತ್ತಾರೆ.

ಇಲ್ಲಿ ಓಡಾಡಿ ಫೋಟೋ ತೆಗೆದುಕೊಂಡು ಹೊರಟರೆ ಅಪ್ಪ ಹೇಳಿದ್ದೇ ನಿಜವಾಗುತ್ತದೆ, ಬರೇ ಕಲ್ಲು. ಅದಕ್ಕೇ ನೋಟ್‌ಬುಕ್ಕಿನ ನಾಲ್ಕನೆಯ ಪುಟ ತೆರೆಯಬೇಕು. ಕಂಬಗಳು ಎಷ್ಟು? ಸಾಲು ಎಷ್ಟು, ಸಾಲಿಗೆ ಎಷ್ಟು? ಮಂಟಪದ ಉದ್ದ, ಅಗಲ ಎಷ್ಟು ಹೆಜ್ಜೆ? ಒಬ್ಬ ವಿದ್ಯಾರ್ಥಿ ಚಕ್ಕಳಮಕ್ಕಳ ಹಾಕಿ ಕೂಡಲು ಎಷ್ಟು ಜಾಗ ಬೇಕು? ಹಾಗಾದರೆ ಇಲ್ಲಿ ಒಮ್ಮೆಗೆ ಎಷ್ಟು ಜನ ಕೂಡಬಹುದು, 250 ಮಂದಿ ಹಿಡಿಸುತ್ತಾರೆಯೇ? ಬೆಳಕು ಯಾವ ಕಡೆಯಿಂದ ಬರುತ್ತದೆ? ಒಬ್ಬರು ಒಂದು ತುದಿಗೆ ನಿಂತು ಸಾಮಾನ್ಯ ದನಿಯಲ್ಲಿ ಓದಿದರೆ ಇನ್ನೊಂದು ತುದಿಗೆ ಕೇಳಿಸುತ್ತದೆಯೇ? ಅಳೆದು, ಎಣಿಸಿ, ಕೇಳಿ ನೋಡಿದ ಮಗುವಿಗೆ ಆ ಜಾಗದಲ್ಲಿ ವಿದ್ಯಾರ್ಥಿಗಳು ಕಾಣಿಸತೊಡಗುತ್ತಾರೆ.

ಶಾಸನದ ಕಲ್ಲು ಕಂಡರೆ ಅದರ ಅಕ್ಷರಗಳನ್ನೂ ನಿಧಾನವಾಗಿ ನೋಡಬೇಕು. ಹಳಗನ್ನಡ ಲಿಪಿಯಲ್ಲಿ ಇಂದಿನ ಕನ್ನಡಕ್ಕೆ ಹತ್ತಿರವಾದ ಕೆಲವು ಅಕ್ಷರಗಳು ಗುರುತು ಸಿಗುತ್ತವೆ. ಶಾಸನಗಳಲ್ಲಿ ವರ್ಷವನ್ನು ಶಕದಲ್ಲಿ ಹೇಳುವುದು ವಾಡಿಕೆ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ. 1058 ಎಂದರೆ ಶಕ 980. ಅಕ್ಷರದ ಮೇಲೆ ಸುಣ್ಣ, ಸುಣ್ಣದಕಡ್ಡಿ, ಎಣ್ಣೆ ಏನನ್ನೂ ಹಚ್ಚಬಾರದು. ಕಂಬದ ಮೇಲೆ ಹೆಸರು ಕೊರೆಯುವ ಚಾಳಿಯಂತೂ ಬೇಡವೇ ಬೇಡ. ಮಧುಸೂದನನ ಹೆಸರು ಉಳಿದದ್ದು ಅವನು ಕೊಟ್ಟದ್ದರಿಂದ, ಕೊರೆದದ್ದರಿಂದಲ್ಲ.

ಬಾಗಿಲು ಯಾರಿಗೆ ತೆರೆದಿತ್ತು?

ಇಷ್ಟು ನೋಡಿದ ಮೇಲೆ ಮಗಳು ಒಂದು ಪ್ರಶ್ನೆ ಕೇಳಿದರೆ ಆಶ್ಚರ್ಯವಿಲ್ಲ. "ನನ್ನಂಥಾಕಿ ಇಲ್ಲಿ ಓದತಿದ್ಳೇನು ಅವ್ವಾ?"

ಇದಕ್ಕೆ ಪ್ರಾಮಾಣಿಕ ಉತ್ತರ ಕೊಡಬೇಕು. ಇಲ್ಲ. ಅಂದಿನ ವೇದಪಾಠ ಬ್ರಾಹ್ಮಣ ಮನೆತನದ ಗಂಡುಮಕ್ಕಳಿಗೆ ಮೀಸಲಾಗಿತ್ತು. ಹೊಲ ಉತ್ತವರ, ಈ ಕಲ್ಲು ಕಡಿದವರ ಮಕ್ಕಳಿಗೆ, ಯಾರ ಮನೆಯ ಹೆಣ್ಣುಮಗಳಿಗೂ, ಆ ಸಾಲಿನಲ್ಲಿ ಜಾಗವಿರಲಿಲ್ಲ. ದತ್ತಿಯ ಭೂಮಿಯಲ್ಲಿ ಬೆಳೆದ ಕಾಳು ಮಾತ್ರ ಅವರ ಬೆವರಿನದು. ನೂರು ವರ್ಷದ ಬಳಿಕ, ಇಲ್ಲಿಂದ ಬಹಳ ದೂರವಲ್ಲದ ಕಲ್ಯಾಣದಲ್ಲಿ, ಅಂಬಿಗ, ಮಡಿವಾಳ, ಸಮಗಾರ ಎನ್ನದೆ ಗಂಡಸರು ಹೆಂಗಸರು ಕೂಡಿ ಕೂತು ತಮ್ಮ ನುಡಿಯಲ್ಲೇ ವಚನ ಕಟ್ಟಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಎರಡೂ ಈ ನೆಲದ ಕತೆಗಳೇ.

ಮತ್ತೊಂದು ಪ್ರಶ್ನೆಯೂ ಏಳುತ್ತದೆ. ಇಂಥ ಊರುಗಳಿದ್ದ ಭಾಗ ಓದಿನಲ್ಲಿ ಹಿಂದೆ ಬಿದ್ದದ್ದು ಹೇಗೆ? ಅರಸರು ಬದಲಾದರು, ದತ್ತಿಗಳು ನಿಂತವು. ನಿಜಾಮರ ಕಾಲದಲ್ಲಿ ಆಡಳಿತದ ಭಾಷೆ ಉರ್ದುವಾಯಿತು. ಹೈದರಾಬಾದಿನಲ್ಲಿ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ತೆರೆದಾಗ ಅಲ್ಲಿನ ಬೋಧನೆಯೂ ಉರ್ದುವಿನಲ್ಲೇ. ಮನೆಯಲ್ಲಿ ಕನ್ನಡವಾಡುವ ಮಗುವಿಗೆ ಶಾಲೆಯ ಹೊಸ್ತಿಲೇ ಎತ್ತರವಾಗಿತ್ತು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿದು, 1956ರಲ್ಲಿ ಈ ಜಿಲ್ಲೆಗಳು ಕರ್ನಾಟಕಕ್ಕೆ ಬಂದರೂ, ಗುಲಬರ್ಗಾ ವಿಶ್ವವಿದ್ಯಾಲಯ ಬರಲು 1980ರವರೆಗೆ ಕಾಯಬೇಕಾಯಿತು. ಸಂವಿಧಾನದ 371 ಜೆ ವಿಧಿಯಿಂದ ಸೀಟು, ನೌಕರಿಗಳಲ್ಲಿ ಮೀಸಲು ದೊರೆತದ್ದು 2013ರ ನಂತರ. ಹಿಂದುಳಿದದ್ದಕ್ಕೆ ಮಕ್ಕಳ ತಲೆಯಾಗಲಿ, ನೆಲದ ಗುಣವಾಗಲಿ ಕಾರಣವಲ್ಲ ಎಂಬುದು ಪಾಲಕರಿಗೂ ಮಕ್ಕಳಿಗೂ ಮನದಟ್ಟಾಗಬೇಕು. ಪರೀಕ್ಷಾ ಫಲಿತಾಂಶ ಬಂದಾಗಲೆಲ್ಲ ಜಿಲ್ಲೆಯ ಹೆಸರನ್ನು ಪಟ್ಟಿಯ ಕೆಳಗಡೆ ಹುಡುಕುವ ಅಭ್ಯಾಸವಾದ ಮಕ್ಕಳಿಗೆ ಇದು ಸಣ್ಣ ಮಾತಲ್ಲ.

ಮರಳಿ ಮನೆಗೆ

ಮಧ್ಯಾಹ್ನದ ಗಾಡಿಗೆ ಚಿತ್ತಾಪುರದಿಂದ ಸೇಡಂ, ಅಲ್ಲಿಂದ ಚಿಂಚೋಳಿಯ ಬಸ್ಸು. ಹೊತ್ತು ಮುಳುಗುವುದರೊಳಗೆ ಊರು ಸೇರುವಂತೆ ಹೊರಡಬೇಕು, ಸೋಮವಾರ ಶಾಲೆ ಇದೆ. ಒಂದೇ ಸಲಕ್ಕೆ ಎಲ್ಲವನ್ನೂ ನೋಡುವ ಹಟ ಬೇಡ. 1986ರಲ್ಲಿ ಅಶೋಕನ ಶಾಸನ ಸಿಕ್ಕ ಸನ್ನತಿ, 'ಮಿತಾಕ್ಷರ' ಬರೆದ ವಿಜ್ಞಾನೇಶ್ವರನ ಮರತೂರು, 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಣೆಯಾದ ಚಿಂಚೋಳಿಯ ಕಾಡು, ಇವು ಮುಂದಿನ ರಜೆಗಳಿಗೆ ಇರಲಿ.

ಬಂದ ವಾರದಲ್ಲೇ ಮಾಡಬೇಕಾದ ಕೆಲಸ ಇನ್ನೊಂದಿದೆ. ಊರಿನ ಗ್ರಂಥಾಲಯ, ಇಲ್ಲವೆ ಶಾಲೆಯ ಪುಸ್ತಕದ ಕಪಾಟು, ಎಲ್ಲಿದೆ, ಕೀಲಿ ಯಾರ ಹತ್ತಿರ ಇದೆ, ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಮಕ್ಕಳು ವಿಚಾರಿಸಲಿ. ಕೀಲಿ ಸಿಗದಿದ್ದರೆ ಪಾಲಕರೇ ಮುಖ್ಯೋಪಾಧ್ಯಾಯರ ಹತ್ತಿರ ಹೋಗಿ ಕೇಳಲಿ. ಪುಸ್ತಕಗಳ ದೂಳು ಹೊಡೆದು, ಹರಿದದ್ದಕ್ಕೆ ಹೊದಿಕೆ ಹಾಕಿ, ಪಟ್ಟಿ ಬರೆಯಲು ಆರು ವಿದ್ಯಾರ್ಥಿಗಳು ಸಾಕು. ನಾಗಾವಿಯಲ್ಲಿದ್ದ ಭಂಡಾರಿಗಳೂ ಆರೇ ಜನ.